ಬಸುರಿ ಮಗಳಿಗೆ, ಮಿನಮಾಟದ ತಾಯಂದಿರನ್ನು ಕುರಿತು

ಚಿ. ಸೌ. ಸುನಂದೆಗೆ,

ಮೀನಿನಲ್ಲಿರುವ ಪಾದರಸದ ವಿಷಯವನ್ನು ಓದಿದಂದಿನಿಂದ ಬಂಗುಡೆಯ ಸಾರನ್ನು ಕಂಡರೂ ಭಯವಾಗುತ್ತದೆಂದೂ, ತಾನು ಉಂಡದ್ದೆಲ್ಲವೂ ಗರ್ಭಸ್ಥ ಶಿಶುವಿಗೆ ಎಸಗಿದ ಅಪಚಾರದಂತೆ ತೋರುತ್ತದೆಂದೂ ಬರೆದಿರುವೆ. ಭಯವು ನಿರಾಧಾರವೆಂದು ಹೇಳಲಾರೆ. ಆದರೆ ಅಪರಾಧವನ್ನು ನಿನ್ನ ತಲೆಯ ಮೇಲೆ ಹೊತ್ತುಕೊಳ್ಳುವುದು ಸಲ್ಲದು. ಏಕೆಂದು ತಿಳಿಯಲು ಮಿನಮಾಟದ ತಾಯಂದಿರ ಕಥೆಯನ್ನು ಕೇಳು.

ಜಪಾನಿನ ಕ್ಯೂಷೂ ದ್ವೀಪದಲ್ಲಿರುವ ಮಿನಮಾಟದಲ್ಲಿ ಚಿಸ್ಸೊ ಎಂಬ ಕಾರ್ಖಾನೆಯು 1932ರಿಂದ 1968ರವರೆಗೆ ಪಾದರಸಮಿಶ್ರಿತವಾದ ತ್ಯಾಜ್ಯಜಲವನ್ನು ಕಡಲಿಗೆ ಬಿಟ್ಟಿತು. ಅದರೊಳಗಿನ ಮೀಥೈಲ್ ಪಾದರಸವು ಮೀನುಗಳಲ್ಲಿ ಸಂಚಯಗೊಂಡು, ಮೀನನ್ನೇ ನಂಬಿ ಬದುಕಿದ ಬೆಸ್ತರ ಅಡುಗೆಮನೆಗಳನ್ನು ಹೊಕ್ಕಿತು. 1956ರಲ್ಲಿ ರೋಗವು ಅಧಿಕೃತವಾಗಿ ಬೆಳಕಿಗೆ ಬಂದ ಕಾಲಕ್ಕೆ, ಅವೇ ಕೇರಿಗಳಲ್ಲಿ ಕತ್ತು ನಿಲ್ಲದ, ಮಾತು ಬಾರದ ಕೂಸುಗಳೂ ಹುಟ್ಟುತ್ತಿದ್ದವು. ಅವುಗಳ ತಾಯಂದಿರಲ್ಲಿ ರೋಗಲಕ್ಷಣವು ಇಲ್ಲವೆನ್ನುವಷ್ಟು ಅಲ್ಪವಾಗಿದ್ದುದರಿಂದಲೂ, ಮಾಸು ವಿಷವನ್ನು ಒಳಗೆ ಬಿಡದೆಂಬುದು ಅಂದಿನ ವೈದ್ಯರ ದೃಢವಾದ ನಂಬಿಕೆಯಾಗಿದ್ದುದರಿಂದಲೂ, ಮೀನನ್ನು ತಿಂದೇ ಇರದ ಶಿಶುವಿಗೆ ಈ ರೋಗವು ಹೇಗೆ ಬಂದೀತೆಂದು ಅವರು ತಳ್ಳಿಹಾಕಿದರು. ಮನೆಮನೆಗೆ ಹೋದ ಹರಾಡ ಮಸಝುಮಿ ಎಂಬ ತರುಣ ವೈದ್ಯನಿಗೆ, ಬಸುರಿಯಾಗಿದ್ದಾಗ ಮೀನನ್ನು ತಿಂದವಳು ನಾನಲ್ಲವೇ ಎಂದು ತಿಳಿಯಹೇಳಿದವಳು ಒಬ್ಬ ತಾಯಿ. 1962ರಲ್ಲಿ, ತೀರಿಕೊಂಡ ಮಗುವೊಂದರ ಶವಪರೀಕ್ಷೆಯ ಬಳಿಕ, ಶಾಸ್ತ್ರವು ಅವಳ ಮಾತಿಗೆ ತಲೆಬಾಗಿತು. ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಜೋಪಾನವಾಗಿ ಕಾಯ್ದಿಡುವುದು ಆ ನಾಡಿನ ಸಂಪ್ರದಾಯ. ಮುಂದೆ ಹರಾಡ ಅವನ್ನು ಬೇಡಿ ತಂದು ಪರೀಕ್ಷಿಸಲಾಗಿ, ಪಾದರಸದ ಪ್ರಮಾಣವು ಕಾರ್ಖಾನೆಯ ಉತ್ಪಾದನೆಯೊಡನೆಯೇ ಏರಿಳಿದಿದ್ದುದು ಕಂಡುಬಂದಿತು.

ಶಿಶುವಿಗೇ ಏಕೆ ಹೆಚ್ಚು ಹಾನಿಯೆಂದು ನೀನು ಕೇಳಬಹುದು. ಮೀಥೈಲ್ ಪಾದರಸವು ದೇಹಕ್ಕೆ ಅವಶ್ಯವಾದ ಅಮೈನೋ ಆಮ್ಲವೊಂದರ ವೇಷವನ್ನು ಧರಿಸಿ, ಪೋಷಣೆಯು ಸಾಗುವ ದಾರಿಯಲ್ಲಿಯೇ ಮಾಸನ್ನು ದಾಟುತ್ತದೆ. ಗರ್ಭದಲ್ಲಿರುವಾಗ ಶಿಶುವಿನ ಮಿದುಳಿನ ಜೀವಕೋಶಗಳು ಒಳಪದರದಲ್ಲಿ ಹುಟ್ಟಿ, ಹೊರಪದರದ ತಮ್ಮ ತಮ್ಮ ಸ್ಥಾನಗಳಿಗೆ ವಲಸೆ ಹೋಗುತ್ತಿರುತ್ತವೆ. ಪ್ರೌಢರಲ್ಲಿ ಮಿದುಳಿನ ಕೆಲವು ಭಾಗಗಳನ್ನು ಮಾತ್ರ ಕೆಡಿಸುವ ಈ ವಿಷವು, ಶಿಶುವಿನಲ್ಲಿ ಈ ವಲಸೆಯನ್ನೇ ತಪ್ಪಿಸಿ ಮಿದುಳಿನ ರಚನೆಯೆಲ್ಲವನ್ನೂ ಅಸ್ತವ್ಯಸ್ತಗೊಳಿಸುತ್ತದೆ.

ಆ ತಾಯಂದಿರು ಅರಿಯದೆ ಉಂಡರು. ಅರಿತವರು ಬೇರೆಯೇ ಇದ್ದರು: 1959ರಲ್ಲಿ ಕಾರ್ಖಾನೆಯ ವೈದ್ಯನಾದ ಹೊಸೊಕಾವ ಅದೇ ತ್ಯಾಜ್ಯವನ್ನು ಬೆಕ್ಕಿಗೆ ಉಣಿಸಿ, ಅದಕ್ಕೆ ಅದೇ ರೋಗವು ಬಂದುದನ್ನು ಕಣ್ಣಾರೆ ಕಂಡನು; ಆದರೆ ಆಡಳಿತವು ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಇದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕುದಿಯುತ್ತದೆ. ಆ ತಾಯಂದಿರಲ್ಲಿ ಒಬ್ಬಳಂತೂ, ತನ್ನ ಒಡಲ ವಿಷವನ್ನು ಹೀರಿಕೊಂಡು ತನ್ನನ್ನು ಉಳಿಸಿದಳೆಂದು, ರೋಗದೊಡನೆ ಹುಟ್ಟಿದ ತನ್ನ ಮಗಳನ್ನು ನಿಧಿಯೆಂದೇ ಕರೆದಳಂತೆ.

ಇನ್ನು ನಿನ್ನ ಊಟದ ಮಾತು: ಬಂಗುಡೆ, ಬೂತಾಯಿಗಳನ್ನು ನಿಶ್ಚಿಂತೆಯಾಗಿ ಉಣ್ಣು. ಈ ಸಣ್ಣ ಮೀನುಗಳಲ್ಲಿ ಪಾದರಸವು ಅಲ್ಪ, ಮಿದುಳಿಗೆ ಬೇಕಾದ ಸತ್ತ್ವವು ಅಧಿಕ. ಶಾರ್ಕಿನಂಥ ದೊಡ್ಡ ಬೇಟೆಮೀನುಗಳನ್ನು ಮಾತ್ರ ಬಿಡು. ನಿನ್ನ ಕಾಗದದಲ್ಲಿ ನನ್ನನ್ನು ನಿಜವಾಗಿ ಕಳವಳಗೊಳಿಸಿದುದು, ನೀನು ಕೊನೆಯಲ್ಲಿ ಹಗುರವಾಗಿ ಬರೆದ ಮಾತು: ಹೆರಿಗೆಗೆ ಮುನ್ನ ಹಳೆಯ ಬಾಗಿಲುಗಳ ಬಣ್ಣವನ್ನು ಕೆರೆಸುವರೆಂಬುದು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಅದರ ಧೂಳು ನಿನ್ನ ರಕ್ತವನ್ನು ಸೇರಿದರೆ ಮಾಸು ಅದನ್ನೂ ತಡೆಯಲಾರದು. ಆ ಕೆಲಸವನ್ನು ಮುಂದಕ್ಕೆ ಹಾಕಿಸು, ಇಲ್ಲವೇ ಮುಗಿಯುವವರೆಗೆ ತವರಿಗೆ ಬಂದಿರು. ಅತ್ತೆಯವರಿಗೆ ಹೇಳಲು ಸಂಕೋಚವಾದರೆ ಈ ಕಾಗದವನ್ನೇ ಅವರ ಕೈಗೆ ಕೊಡು.

ಇತಿ,
ನಿನ್ನ ದೊಡ್ಡಪ್ಪ