ಬೋರ್ಡ್ ಎರಡು ತರಿಸಿಕೊಳ್ಳಿ

ಪೀಣ್ಯದ ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿಯೊಂದಕ್ಕೆ ಊರಲ್ಲೇ ಕೂತು ಫರ್ಮ್‌ವೇರ್ ಬರೆದುಕೊಡಲು ಒಪ್ಪಿದ್ದೀರಾ? ಮೊದಲೇ ಎರಡು ಬೋರ್ಡ್ ಕೇಳಿ ತರಿಸಿಕೊಳ್ಳಿ. ಇರುವ ಒಂದೂ ಸುಟ್ಟರೆ ಕೊರಿಯರ್ ಬರುವವರೆಗೆ ಕೈಕಟ್ಟಿ ಕೂರಬೇಕು. ಕವರಿನಿಂದ ತೆಗೆದ ಕೂಡಲೇ ಬೋರ್ಡಿನ ಮೂಲೆಯಲ್ಲಿ ಅಚ್ಚಾದ ಆವೃತ್ತಿ ಸಂಖ್ಯೆ ನೋಡಿ. ಅವರ ಮೇಜಿನ ಮೇಲಿರುವುದು ಬೇರೆಯದಾದರೆ ನಿಮ್ಮಲ್ಲಿ ಓಡಿದ ಕೋಡ್ ಅಲ್ಲಿ ಮುಗ್ಗರಿಸುತ್ತದೆ, ಬೈಸಿಕೊಳ್ಳುವವರು ನೀವು. (ನಡುವೆ ರೆಸಿಸ್ಟರ್ ಬದಲಿಸಿದ್ದನ್ನು ಸಣ್ಣ ಕಂಪನಿಗಳಲ್ಲಿ ಯಾರೂ ಬರೆದಿಡುವುದಿಲ್ಲ, ಕೇಳಿಯೇ ತಿಳಿಯಬೇಕು.)

ದುಡ್ಡಿನ ವಿಷಯದಲ್ಲಿ ಸಂಕೋಚ ಬೇಡ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಉಚಿತ, ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ನೀವು ಮುಗಿಸಿಕೊಟ್ಟ ಕೆಲಸವನ್ನು ಕಂಪನಿ ಸ್ವೀಕರಿಸಿದ 45 ದಿನದೊಳಗೆ ಹಣ ಕೊಡಲೇಬೇಕು. ಬಿಲ್ಲಿನಲ್ಲಿ ಆ ನೋಂದಣಿ ಸಂಖ್ಯೆ ನಮೂದಿಸಿ. ಟಿಡಿಎಸ್ ಹಿಡಿದಿದ್ದರೆ, ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಆಗಾಗ ನೋಡುತ್ತಿರಿ.