ಚರ್ಮದ ಉರಿಯೂತಕ್ಕೆ ಅಳತೆಗೋಲು

ಜರ್ಮನಿಯ ಲೈಪ್ಜಿಗ್ ನಗರದ ವೈದ್ಯನಾದ ವುಂಡರ್ಲಿಖ್ ಎಂಬಾತನು 1868ರಲ್ಲಿ ರೋಗಿಗಳ ಮೈಯ ಉಷ್ಣತೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅದುವರೆಗೆ ಹಣೆಯ ಮೇಲೆ ಅಂಗೈಯನ್ನಿಟ್ಟು ಜ್ವರವನ್ನು ನಿರ್ಣಯಿಸುವುದೇ ಬಹುಮಟ್ಟಿಗೆ ವೈದ್ಯರ ವಾಡಿಕೆಯಾಗಿದ್ದಿತು; ಆಮೇಲೆ ಉಷ್ಣತಾಮಾಪಕವು ಕ್ರಮೇಣ ಅವರೆಲ್ಲರ ಚೀಲಗಳನ್ನು ಸೇರಿತು. ಆದರೆ ಈ ಸಾಧನವು ಜ್ವರ ಎಷ್ಟಿದೆಯೆಂದು ಹೇಳಬಲ್ಲುದೇ ಹೊರತು, ಅದು ಮಲೇರಿಯವೋ ವಿಷಮಶೀತಜ್ವರವೋ ಎಂಬುದನ್ನು ಹೇಳಲಾರದು. ‘ಎಷ್ಟು’ ಎಂಬುದು ಒಂದು ಪ್ರಶ್ನೆ. ‘ಯಾವುದು’ ಎಂಬುದು ಬೇರೆಯೇ ಪ್ರಶ್ನೆ. ದೇಹದೊಳಗಿನ ಸ್ಥಿತಿಯನ್ನು ತಿಳಿಸುವ, ಅಳೆಯಲು ಬರುವ ಗುರುತುಗಳನ್ನು ಈಗ ಜೈವಿಕ ಸೂಚಕಗಳೆಂದು ಕರೆಯುತ್ತಾರೆ. ಬಹುಕಾಲ ಕಾಡುವ ಚರ್ಮದ ಉರಿಯೂತಗಳಲ್ಲಿ ಈ ಸೂಚಕಗಳು ಮೇಲಿನ ಎರಡು ಪ್ರಶ್ನೆಗಳಿಗೂ ಹೇಗೆ ಉತ್ತರವೀಯುತ್ತವೆಂಬುದನ್ನು ನೋಡೋಣ.

ಇಂತಹ ರೋಗಗಳಲ್ಲಿ ಇಸಬು ಮತ್ತು ಸೋರಿಯಾಸಿಸ್ ಎಂಬೆರಡು ಮುಖ್ಯವಾದುವು. ಸೋರಿಯಾಸಿಸ್ಸಿನಲ್ಲಿ ಮೊಣಕೈ, ಮೊಣಕಾಲು, ನೆತ್ತಿಗಳಲ್ಲಿ ದಪ್ಪನೆಯ ಮಚ್ಚೆಗಳೆದ್ದು ಬೆಳ್ಳಿಯ ಬಣ್ಣದ ಹೊಟ್ಟು ಉದುರುತ್ತದೆ. ಇಸಬಿನಲ್ಲಿ ತುರಿಕೆಯೇ ಪ್ರಧಾನ. ಮೈಕೈಗಳ ಮಡಿಕೆಗಳು ಒಣಗಿ ಬಿರಿಯುವುದೂ, ರಸ ಒಸರುವುದೂ ಉಂಟು. ಪುಸ್ತಕದ ಚಿತ್ರಗಳಲ್ಲಿ ಇವನ್ನು ಬೇರ್ಪಡಿಸುವುದು ಸುಲಭ. ಅಂಗೈ, ಅಂಗಾಲುಗಳಲ್ಲಿ ಕಾಣಿಸಿಕೊಂಡಾಗಲಾದರೋ ನುರಿತ ವೈದ್ಯರೂ ತಡವರಿಸುವುದುಂಟು. ಚರ್ಮದ ತುಣುಕನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕೆಲವು ವೇಳೆ ಸಂದೇಹ ಉಳಿಯುತ್ತದೆ.

ಸ್ವಸ್ಥವಾದ ಚರ್ಮದಲ್ಲಿ ತಳದಲ್ಲಿ ಹುಟ್ಟಿದ ಜೀವಕೋಶವು ಮೇಲಕ್ಕೆ ಬಂದು ಉದುರಿಹೋಗಲು ಸುಮಾರು 28 ದಿನಗಳು ಬೇಕು. ಸೋರಿಯಾಸಿಸ್ಸಿನಲ್ಲಿ ಈ ಪಯಣವು ನಾಲ್ಕೈದು ದಿನಗಳಲ್ಲಿಯೇ ಮುಗಿಯುತ್ತದೆ. ಆದಕಾರಣ ಇದು ಚರ್ಮದ ಕೋಶಗಳದೇ ದೋಷವೆಂದು ಹಿಂದೆ ಭಾವಿಸಿದ್ದರು. 1979ರಲ್ಲಿ, ಕೀಲುವಾತಕ್ಕಾಗಿ ಸೈಕ್ಲೋಸ್ಪೋರಿನ್ ಎಂಬ ಔಷಧವನ್ನು ಸೇವಿಸುತ್ತಿದ್ದವರಲ್ಲಿ ಸೋರಿಯಾಸಿಸ್ ಕೂಡ ಇಳಿದುಹೋದುದು ಗಮನಕ್ಕೆ ಬಂದಿತು. ಆ ಔಷಧವು ಬಿಳಿಯ ರಕ್ತಕಣಗಳಲ್ಲಿ ಒಂದು ಬಗೆಯವನ್ನು ಹತ್ತಿಕ್ಕುವಂಥದು. ದೇಹದ ರಕ್ಷಣಾವ್ಯವಸ್ಥೆಯೇ ತಪ್ಪು ಸಂದೇಶಗಳನ್ನು ಕಳುಹಿಸಿ ಚರ್ಮವನ್ನು ಕೆರಳಿಸುತ್ತದೆಂಬ ಅರಿವು ಹೀಗೆ ಬಲಗೊಂಡಿತು. ಈ ಸಂದೇಶಗಳನ್ನೊಯ್ಯುವ ಪ್ರೋಟೀನುಗಳಿಗೆ ಇಂಟರ್‌ಲ್ಯೂಕಿನ್‌ಗಳೆಂದು ಹೆಸರು. ಸೋರಿಯಾಸಿಸ್ಸಿನಲ್ಲಿ 17 ಮತ್ತು 23ನೆಯ ಸಂಖ್ಯೆಯವೂ, ಇಸಬಿನ ಮುಖ್ಯ ಪ್ರಭೇದದಲ್ಲಿ 4 ಮತ್ತು 13ನೆಯವೂ ಮೇಲುಗೈ ಪಡೆದಿರುತ್ತವೆ.

ಮಚ್ಚೆಯೊಂದನ್ನು ನೋಡಿ ಇದು ಯಾವ ರೋಗವೆಂದು ಹೇಳುವ ಸೂಚಕವನ್ನು ಹುಡುಕುವುದಾದರೂ ಹೇಗೆ? ಇಬ್ಬರು ರೋಗಿಗಳನ್ನು ಹೋಲಿಸಿದರೆ ಅವರ ವಂಶ, ವಯಸ್ಸು, ಆಹಾರ, ಊರಿನ ಹವೆ ಎಲ್ಲವೂ ಬೇರೆ ಬೇರೆ. ಒಂದನ್ನು ಮಾತ್ರ ಬದಲಿಸಿ ಮಿಕ್ಕುದನ್ನೆಲ್ಲ ಸ್ಥಿರವಾಗಿರಿಸಬೇಕೆಂಬುದು ಭೌತವಿಜ್ಞಾನದ ವಿದ್ಯಾರ್ಥಿಗೆ ನಾವು ಹೇಳಿಕೊಡುವ ಮೊದಲ ಪಾಠ. ಮನುಷ್ಯರ ವಿಷಯದಲ್ಲಿ ಅದು ಸಾಧ್ಯವಾಗುವುದು ಅಪರೂಪ. ಆ ಅಪರೂಪವನ್ನು ಮ್ಯೂನಿಕ್ ನಗರದ ಸಂಶೋಧಕರು ದೊರಕಿಸಿಕೊಂಡರು. ಒಂದೇ ಶರೀರದ ಮೇಲೆ ಎರಡು ರೋಗಗಳೂ ಏಕಕಾಲದಲ್ಲಿ ಇದ್ದ 24 ಮಂದಿಯನ್ನು ಅವರು ಆರಿಸಿಕೊಂಡರು. ಪ್ರತಿಯೊಬ್ಬರ ಎರಡು ಬಗೆಯ ಮಚ್ಚೆಗಳಲ್ಲಿ ಯಾವ ಯಾವ ಜೀನುಗಳು ಎಷ್ಟು ಚುರುಕಾಗಿವೆಯೆಂದು ಅಳೆದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಾವಿರಾರು ಜೀನುಗಳ ಪೈಕಿ ಎರಡನ್ನು ಅಳೆದರೆ ರೋಗವನ್ನು ಗುರುತಿಸಬಹುದಾಗಿದ್ದಿತು. ಒಂದು, ನೈಟ್ರಿಕ್ ಆಕ್ಸೈಡನ್ನು ತಯಾರಿಸುವ ಕಿಣ್ವದ ಜೀನು, ಎನ್.ಓ.ಎಸ್. 2, ಇದು ಸೋರಿಯಾಸಿಸ್ಸಿನಲ್ಲಿ ಹೆಚ್ಚು. ಮತ್ತೊಂದು, ರಕ್ತಕಣಗಳನ್ನು ಚರ್ಮಕ್ಕೆ ಕರೆತರುವ ಸಿ.ಸಿ.ಎಲ್. 27, ಇದು ಇಸಬಿನಲ್ಲಿ ಹೆಚ್ಚು. ನನ್ನ ಮಟ್ಟಿಗೆ ಈ ಫಲಿತಾಂಶಕ್ಕಿಂತಲೂ ಅದನ್ನು ಪಡೆದ ಉಪಾಯವೇ ಹೆಚ್ಚು ಮೆಚ್ಚಿಗೆಯಾದುದು.

ಇದು ಕೇವಲ ಹೆಸರಿಡುವ ಪ್ರಶ್ನೆಯಲ್ಲ. 17ನೆಯ ಇಂಟರ್‌ಲ್ಯೂಕಿನ್ನನ್ನು ತಡೆಯುವ ಸೆಕುಕಿನುಮ್ಯಾಬ್ ಎಂಬ ಔಷಧಕ್ಕೆ 2015ರಲ್ಲಿಯೂ, 4 ಮತ್ತು 13ನೆಯವುಗಳನ್ನು ತಡೆಯುವ ಡ್ಯುಪಿಲುಮ್ಯಾಬಿಗೆ 2017ರಲ್ಲಿಯೂ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೊದಲನೆಯದು ಸೋರಿಯಾಸಿಸ್ಸಿಗೆ, ಎರಡನೆಯದು ಇಸಬಿಗೆ. ಇವು ತುಟ್ಟಿಯಾದ ಚುಚ್ಚುಮದ್ದುಗಳು. ಮೊದಲನೆಯ ಬಗೆಯ ಔಷಧವನ್ನು ಪಡೆದ ಕೆಲವರಿಗೆ ಇಸಬೂ, ಎರಡನೆಯದನ್ನು ಪಡೆದ ಕೆಲವರಿಗೆ ಸೋರಿಯಾಸಿಸ್ಸೂ ಹೊಸದಾಗಿ ಎದ್ದ ನಿದರ್ಶನಗಳು ವರದಿಯಾಗಿವೆ. ತಕ್ಕಡಿಯ ಒಂದು ತಟ್ಟೆಯನ್ನು ಒತ್ತಿದರೆ ಇನ್ನೊಂದು ಏಳುವಂತೆ. ರೋಗವನ್ನು ತಪ್ಪಾಗಿ ಗುರುತಿಸಿದರೆ ಹಣವೂ ಹೋಗಿ ಬಾಧೆಯೂ ಹೆಚ್ಚೀತು.

ಇನ್ನು ‘ಎಷ್ಟು’ ಎಂಬ ಪ್ರಶ್ನೆ. ಜಪಾನಿನ ಸಂಶೋಧಕರು 1996ರಲ್ಲಿ ಟಾರ್ಕ್ ಎಂಬ ಪ್ರೋಟೀನನ್ನು ವರ್ಣಿಸಿದರು. ಇಸಬು ಉಲ್ಬಣಿಸಿದಂತೆ ಇದು ರಕ್ತದಲ್ಲಿ ಏರುತ್ತದೆ, ಶಮನವಾದಂತೆ ಇಳಿಯುತ್ತದೆ. ಜಪಾನಿನಲ್ಲಿ ಪ್ರಾಪ್ತವಯಸ್ಕರಿಗೆ ಗೊತ್ತುಪಡಿಸಿರುವ ಮೇಲ್ಮಿತಿ ಮಿಲಿಲೀಟರಿಗೆ 450 ಪಿಕೋಗ್ರಾಂ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲೇ ಪಿಕೋಗ್ರಾಂ! ಇಷ್ಟು ಅಲ್ಪವಾದುದನ್ನು ಯಾವ ತಕ್ಕಡಿಯೂ ತೂಗಲಾರದು. ಸ್ಟಾಕ್‌ಹೋಮಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಂಬುವರು 1971ರಲ್ಲಿ ಪ್ರಕಟಿಸಿದ ಉಪಾಯವು ಇಲ್ಲಿ ನೆರವಾಗುತ್ತದೆ. ಬೇಕಾದ ಪ್ರೋಟೀನನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನು ಪುಟ್ಟ ಬಟ್ಟಲಿನ ತಳಕ್ಕೆ ಅಂಟಿಸಿ, ರೋಗಿಯ ರಕ್ತದ್ರವವನ್ನು ಹಾಕಿ, ಬಳಿಕ ತೊಳೆಯುತ್ತಾರೆ. ಅಂಟಿ ಉಳಿದ ಪ್ರೋಟೀನಿನ ಮೇಲೆ ಕಿಣ್ವವನ್ನು ಹೊತ್ತ ಇನ್ನೊಂದು ಪ್ರತಿಕಾಯವನ್ನು ಕೂರಿಸುತ್ತಾರೆ. ಒಂದೊಂದು ಕಿಣ್ವದ ಅಣುವೂ ಬಣ್ಣವಿಲ್ಲದ ದ್ರವದ ಸಾವಿರಾರು ಅಣುಗಳನ್ನು ಬಣ್ಣವುಳ್ಳವನ್ನಾಗಿ ಮಾರ್ಪಡಿಸುತ್ತದೆ. ಆಮೇಲೆ ಆ ದ್ರವದ ಮೂಲಕ ಬೆಳಕನ್ನು ಹಾಯಿಸಿ ಎಷ್ಟು ಹೀರಿಕೆಯಾಯಿತೆಂದು ನೋಡಿದರಾಯಿತು.

2008ರಿಂದ ಜಪಾನಿನ ಆರೋಗ್ಯವಿಮೆಯು ಈ ಪರೀಕ್ಷೆಯ ವೆಚ್ಚವನ್ನು ಮನ್ನಿಸುತ್ತಿದೆ. ಇದರ ನಿಜವಾದ ಉಪಯೋಗವು ಚರ್ಮವು ನಯವಾಗಿ ಕಂಡ ಮೇಲೆಯೇ. ತುರಿಕೆ ನಿಂತೊಡನೆ ಮುಲಾಮನ್ನು ಬಿಟ್ಟುಬಿಡುವುದು ರೋಗಿಗಳ ಸಹಜ ಸ್ವಭಾವ. ಕೆಲವೇ ದಿನಗಳಲ್ಲಿ ರೋಗವು ಮರುಕಳಿಸುತ್ತದೆ. ಟಾರ್ಕ್ ಇನ್ನೂ ಇಳಿದಿಲ್ಲವಾದರೆ ಬೂದಿಯ ಕೆಳಗೆ ಕೆಂಡವಿದೆಯೆಂದು ತಿಳಿದು, ವೈದ್ಯರು ಮುಲಾಮನ್ನು ಮುಂದುವರಿಸಿ ಮೆಲ್ಲಮೆಲ್ಲನೆ ತಗ್ಗಿಸುತ್ತಾರೆ. ಎಳೆಯ ಮಕ್ಕಳಲ್ಲಿ ಇದರ ಪ್ರಮಾಣ ಸಹಜವಾಗಿಯೇ ಹೆಚ್ಚಾಗಿರುವುದರಿಂದ ಅವರಿಗೆ ಬೇರೆ ಮಿತಿಗಳುಂಟು. ಬೇರೆ ಕೆಲವು ಚರ್ಮರೋಗಗಳಲ್ಲಿಯೂ ಇದು ಏರುವುದರಿಂದ, ‘ಯಾವುದು’ ಎಂಬುದಕ್ಕೆ ಇದೊಂದನ್ನೇ ನಂಬಲಾಗದು. ಸೋರಿಯಾಸಿಸ್ಸಿಗಂತೂ ದಿನಬಳಕೆಗೆ ಬಂದ ಇಂತಹ ರಕ್ತಪರೀಕ್ಷೆ ಇನ್ನೂ ಇಲ್ಲ.

ಸೂಚಕವನ್ನೇ ರೋಗದ ಕಾರಣವೆಂದೆಣಿಸುವ ಅಪಾಯವೂ ಇದೆ. 1966ರಲ್ಲಿ ಇಷಿಜಾಕ ದಂಪತಿಗಳು ಡೆನ್ವರಿನಲ್ಲಿ ಕಂಡುಹಿಡಿದ ಐ.ಜಿ.ಇ. ಎಂಬ ಪ್ರತಿಕಾಯವು ಇಸಬಿನ ರೋಗಿಗಳಲ್ಲಿ ಬಹುಮಂದಿಗೆ ಅಧಿಕವಾಗಿರುತ್ತದೆ. ಅದನ್ನು ತೆಗೆದುಹಾಕಿದರೆ ಇಸಬು ಗುಣವಾಗಬೇಕಷ್ಟೆ? 2010ರಲ್ಲಿ ಪ್ರಕಟವಾದ, 20 ರೋಗಿಗಳನ್ನೊಳಗೊಂಡ ಪರೀಕ್ಷೆಯಲ್ಲಿ ಔಷಧವು ಐ.ಜಿ.ಇ.ಯನ್ನೇನೋ ಅಡಗಿಸಿತು, ಇಸಬು ಮಾತ್ರ ಇದ್ದಂತೆಯೇ ಇದ್ದಿತು. ತೀವ್ರವಾದ ಇಸಬಿನಿಂದ ನರಳುವ ಮಕ್ಕಳಲ್ಲಿ ಅನಂತರ ನಡೆಸಿದ ಪರೀಕ್ಷೆಯಲ್ಲಿ ಕೊಂಚ ಪ್ರಯೋಜನ ಕಂಡುಬಂದಿದೆ. ಜ್ವರದ ರೋಗಿಗೆ ತಣ್ಣೀರು ಸುರಿದು ಉಷ್ಣತಾಮಾಪಕದ ಪಾದರಸವನ್ನು ಇಳಿಸಿದಂತಾಯಿತೆಂದು ಮೊದಲನೆಯ ಪರೀಕ್ಷೆಯ ಬಗ್ಗೆ ಹೇಳಬಹುದು.

ಈ ಅಳತೆಗಳು ನಮ್ಮಂತಹವರಿಗೆ ಬೇಕಾಗುವುದಕ್ಕೆ ಇನ್ನೊಂದು ಕಾರಣವುಂಟು. ರೋಗದ ತೀವ್ರತೆಗೆ ಅಂಕಗಳನ್ನು ಕೊಡುವಾಗ ವೈದ್ಯರು ಮಚ್ಚೆ ಎಷ್ಟು ಕೆಂಪಾಗಿದೆಯೆಂದು ನೋಡುತ್ತಾರೆ. ಬಿಳಿಯರ ಮೈಮೇಲೆ ಎದ್ದು ಕಾಣುವ ಕೆಂಪು ನಮ್ಮ ಕಂದುಬಣ್ಣದ ಚರ್ಮದಲ್ಲಿ ನಸುಗಪ್ಪಾಗಿಯೋ ನೇರಿಳೆಯಾಗಿಯೋ ತೋರುವುದರಿಂದ, ರೋಗವು ಇರುವುದಕ್ಕಿಂತ ಸೌಮ್ಯವೆಂದು ಗಣನೆಗೆ ಬರುವ ಸಂಭವವಿದೆ. ಚರ್ಮದ ತುಣುಕನ್ನು ಕತ್ತರಿಸದೆ, ಮಚ್ಚೆಯ ಮೇಲೆ ಅಂಟುಪಟ್ಟಿಯನ್ನೊತ್ತಿ ಕಿತ್ತು, ಅದಕ್ಕೆ ಹತ್ತಿ ಬಂದ ಕೋಶಗಳಲ್ಲಿಯೇ ಸೂಚಕಗಳನ್ನು ಅಳೆಯುವ ವಿಧಾನವೊಂದು ಈಗ ಪ್ರಯೋಗಶಾಲೆಗಳಲ್ಲಿ ರೂಪುಗೊಳ್ಳುತ್ತಿದೆ. ಚಾಕುವನ್ನು ಕಂಡೊಡನೆ ಅಳುವ ಮಕ್ಕಳೂ ಇದಕ್ಕೆ ಮೈಯೊಡ್ಡುತ್ತಾರೆ.