ಹೆಸರಿನ ಜಾಡು ಹಿಡಿದು: ಯಹೂದಿ ವಂಶಾವಳಿ ಹುಡುಕುವವರಿಂದ ಕಲಿತದ್ದು



ನನ್ನ ಯಹೂದಿ ಸಹೋದ್ಯೋಗಿಯೊಬ್ಬ ತನ್ನ ಮುತ್ತಜ್ಜನ ಊರು ಹುಡುಕುತ್ತಿದ್ದಾನೆ. ಅವನ ಜೊತೆ ಎರಡು ಭಾನುವಾರ ವಂಶಾವಳಿ ತರಗತಿಗಳಲ್ಲಿ ಕುಳಿತು ಬಂದೆ. ಅಲ್ಲಿ ತಿಳಿದದ್ದರಲ್ಲಿ ಕೆಲವು ಇಲ್ಲಿವೆ.

ಮೊದಲ ತೊಡಕು ಹೆಸರಿನದೇ. ಪೂರ್ವ ಯುರೋಪಿನ ಬಹುಪಾಲು ಯಹೂದಿಗಳಿಗೆ ಹಿಂದೆ ಮನೆತನದ ಹೆಸರು ಇರಲಿಲ್ಲ. ಇಂಥವನ ಮಗ ಇಂಥವನು, ಅಷ್ಟೇ. 'ಲಾಸ್ಟ್ ನೇಮ್' ಕಾಲಂ ಮುಂದೆ ಅಪ್ಪನ ಹೆಸರೋ ಊರಿನ ಹೆಸರೋ ಎಂದು ತಡವರಿಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ಆಸ್ಟ್ರಿಯಾ 1787ರಲ್ಲಿ, ರಷ್ಯಾ 1804ರಲ್ಲಿ ಕಾನೂನು ತಂದು ಮನೆತನದ ಹೆಸರು ಇಟ್ಟುಕೊಳ್ಳಲು ಹೇಳಿದವು. ಆಮೇಲೆ ಒಂದೊಂದು ಭಾಷೆಯ ಗುಮಾಸ್ತ ತನಗೆ ಕೇಳಿಸಿದಂತೆ ಬರೆದ. (ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಹೆಸರು ಬದಲಿಸಿದರು ಎಂಬುದು ಬರೀ ಕಥೆ. ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದುದು ಹಡಗು ಹೊರಡುವ ಬಂದರಿನಲ್ಲಿ.)

ಹಾಗಾಗಿ ಅಕ್ಷರ ಬಿಟ್ಟು ಉಚ್ಚಾರ ಹಿಡಿದು ಹುಡುಕಬೇಕು. ಅಮೆರಿಕದ ಹಳೆಯ ಸೌಂಡೆಕ್ಸ್ ಪದ್ಧತಿಯಲ್ಲಿ 'ಮಾಸ್ಕೊವಿಟ್ಜ್' ಎಂಬ ಹೆಸರನ್ನು ಡಬ್ಲ್ಯೂ ಹಾಕಿ ಬರೆದರೆ ಎಂ232, ವಿ ಹಾಕಿ ಬರೆದರೆ ಎಂ213. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಕಡೆ! 1985ರಲ್ಲಿ ರ‍್ಯಾಂಡಿ ಡೈಚ್ ಮತ್ತು ಗ್ಯಾರಿ ಮೊಕೊಟಾಫ್ ಇದನ್ನು ತಿದ್ದಿ ಆರು ಅಂಕಿಗಳ ಹೊಸ ಪದ್ಧತಿ ಮಾಡಿದರು. ಅದರಲ್ಲಿ ಎರಡಕ್ಕೂ 645740. ಕುತೂಹಲಕ್ಕೆ ನಮ್ಮ 'ಮೂರ್ತಿ'ಯನ್ನು ಮೂರು ಇಂಗ್ಲಿಷ್ ಸ್ಪೆಲಿಂಗ್‌ಗಳಲ್ಲಿ ಲೆಕ್ಕ ಹಾಕಿ ನೋಡಿದೆ. ಮೂರಕ್ಕೂ 693000 ಬಂತು.

ಇಂಜಿನಿಯರಿಂಗ್ ಓದಿದವರಿಗೆ ಇನ್ನೊಂದು ಸ್ವಾರಸ್ಯ. ಲ್ಯಾಬಿನಲ್ಲಿ ನಮ್ಮನ್ನು ಗೋಳು ಹೊಯ್ದುಕೊಂಡ 8086 ಪ್ರೊಸೆಸರ್ ನೆನಪಿದೆಯೇ? ಅದರ ಮುಖ್ಯ ವಿನ್ಯಾಸಕ ಸ್ಟೀಫನ್ ಮೋರ್ಸ್. 2001ರಲ್ಲಿ ಎಲ್ಲಿಸ್ ದ್ವೀಪದ ದಾಖಲೆಗಳು ಅಂತರ್ಜಾಲಕ್ಕೆ ಬಂದ ಮೇಲೆ, ಅವನ್ನು ಸುಲಭವಾಗಿ ಹುಡುಕುವ 'ಒನ್ ಸ್ಟೆಪ್' ಪುಟಗಳನ್ನು ಬರೆದು ಉಚಿತವಾಗಿ ಕೊಟ್ಟವರೂ ಅವರೇ.

ಎರಡನೆಯ ತರಗತಿ ಸಮಾಧಿಕಲ್ಲು ಓದುವುದರ ಬಗ್ಗೆ. ಕಲ್ಲಿನ ಮೇಲೆ ಸಾಮಾನ್ಯವಾಗಿ ಸತ್ತವರ ಹೆಸರಿನ ಜೊತೆ ಅಪ್ಪನ ಹೆಸರೂ ಇರುತ್ತದೆ. ಅಂದರೆ ಒಂದು ಕಲ್ಲು ಸಿಕ್ಕರೆ ಒಂದು ತಲೆಮಾರು ಹಿಂದಕ್ಕೆ ಹೋದಂತೆ. ವರ್ಷವನ್ನು ಹೀಬ್ರೂ ಅಕ್ಷರಗಳಲ್ಲೇ ಕೆತ್ತಿರುತ್ತಾರೆ. ನಮ್ಮ ಕಟಪಯಾದಿ ಬಲ್ಲವರಿಗೆ ಇದು ಹೊಸದಲ್ಲ. ತಾವ್ 400, ರೇಶ್ 200, ಸಾಮೆಖ್ 60, ಹೇ 5, ಒಟ್ಟು 665. ಸಾವಿರದ ಅಂಕಿ ಬಿಟ್ಟಿರುತ್ತಾರೆ. ಇದಕ್ಕೆ 1240 ಕೂಡಿಸಿದರೆ 1905. ಅವರ ಹೊಸ ವರ್ಷ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬರುವುದರಿಂದ, ಅಲ್ಲಿಂದ ಡಿಸೆಂಬರ್ ಕೊನೆಯವರೆಗಿನ ತಾರೀಖಾದರೆ ಒಂದು ಕಳೆಯಬೇಕು. ಮಕ್ಕಳ ಕೈಲಿ ಈ ಲೆಕ್ಕ ಮಾಡಿಸಿ, ಖುಷಿಪಡುತ್ತಾರೆ.

ಕಲಿಯಲು ದಾರಿಗಳು ಹಲವು. 1987ರಲ್ಲಿ ಶುರುವಾದ ಜ್ಯೂಯಿಶ್‌ಜೆನ್‌ನಲ್ಲಿ ಪಾಠಗಳೂ ಸ್ವಯಂಸೇವಕರು ಕಲೆಹಾಕಿದ ಸಮಾಧಿಗಳ ವಿವರಗಳೂ ಇವೆ. ದೊಡ್ಡ ಊರುಗಳಲ್ಲಿ ವಂಶಾವಳಿ ಸಂಘಗಳಿವೆ. ಅಂತಾರಾಷ್ಟ್ರೀಯ ಒಕ್ಕೂಟ ಪ್ರತಿವರ್ಷ ಸಮ್ಮೇಳನ ನಡೆಸುತ್ತದೆ. ನ್ಯೂಯಾರ್ಕಿಗೆ ಹೋದವರು 16ನೇ ಬೀದಿಯ ಸೆಂಟರ್ ಫಾರ್ ಜ್ಯೂಯಿಶ್ ಹಿಸ್ಟರಿಯನ್ನು ನೋಡಿ ಬರಬಹುದು.

ಇವೆಲ್ಲಕ್ಕಿಂತ ನನ್ನನ್ನು ತಟ್ಟಿದ್ದು ಜೆರುಸಲೇಮಿನ ಯಾದ್ ವಶೇಮ್‌ನ ಸಾಕ್ಷ್ಯಪತ್ರಗಳು. ಹಿಟ್ಲರನ ಕಾಲದಲ್ಲಿ ಕೊಲೆಯಾದವರಲ್ಲಿ ಲಕ್ಷಾಂತರ ಜನಕ್ಕೆ ಸಮಾಧಿಯೇ ಇಲ್ಲ. ಒಬ್ಬೊಬ್ಬರಿಗೂ ಒಂದು ಹಾಳೆ: ಹೆಸರು, ಅಪ್ಪ ಅಮ್ಮ, ಊರು, ಕಸುಬು. 2004ರಿಂದ ಇವು ಅಂತರ್ಜಾಲದಲ್ಲಿವೆ. ಹಾಳೆಯ ಕೆಳಗೆ ತುಂಬಿದವರ ಹೆಸರು ಮತ್ತು ಸತ್ತವರಿಗೆ ಅವರು ಏನಾಗಬೇಕು ಎಂಬುದೂ ಇರುತ್ತದೆ. ಅನುಭವಿಗಳು ಮೊದಲು ನೋಡುವುದು ಆ ಸಾಲನ್ನೇ, ಏಕೆಂದರೆ 1950ರ ದಶಕದಲ್ಲಿ ಹಾಳೆ ತುಂಬಿದವರ ಮಕ್ಕಳೋ ಮೊಮ್ಮಕ್ಕಳೋ ಇವತ್ತು ಎಲ್ಲೋ ಬದುಕಿರಬಹುದು. ನನ್ನ ಸಹೋದ್ಯೋಗಿ ಈಗ ಅಂಥ ಒಂದು ಸಾಲನ್ನು ಹಿಡಿದು ಪತ್ರ ಬರೆದು, ಉತ್ತರಕ್ಕಾಗಿ ಕಾಯುತ್ತಿದ್ದಾನೆ.